ಅಚ್ಚು ಗಟ್ಟಿಯಾಗುವವರೆಗೆ

ಅವರ ಎಡಗೈ ಹಿಂಬದಿಯಲ್ಲಿ, ಹೆಬ್ಬೆರಳಿನ ಬುಡದ ಹತ್ತಿರ, ಯಾವಾಗಲೂ ಕಡಲೆಕಾಳಿನ ಗಾತ್ರದ ಒಂದು ನೀಲಿ ಉಂಡೆ ಅಂಟಿಕೊಂಡಿರುತ್ತಿತ್ತು. ಮೊದಲ ಸಲ ನೋಡಿದವರು ನರಹುಲಿ ಇರಬೇಕು ಅಂದುಕೊಳ್ಳುತ್ತಿದ್ದರು. ಅಮೃತಹಳ್ಳಿಯ ಹಾಲಿನ ಬೂತಿನ ಹೆಂಗಸು ಒಮ್ಮೆ "ಅದಕ್ಕೆ ಸುಣ್ಣ ಹಚ್ಚಿ ಸಾರ್, ಉದುರಿಹೋಗುತ್ತೆ" ಅಂತ ಔಷಧವನ್ನೂ ಹೇಳಿದಳಂತೆ. ಅವರು "ಆತ್ರಿ, ಹಚ್ತೀನಿ" ಅಂದು ಹಾಲಿನ ಪ್ಯಾಕೆಟ್ ಹಿಡಿದು ಬಂದುಬಿಟ್ಟರಂತೆ. ಅದು ನರಹುಲಿಯಲ್ಲ, ಹಲ್ಲಿನ ಅಚ್ಚು ತೆಗೆಯುವ ರಬ್ಬರಿನ ಹಿಟ್ಟು, ಬಾಯೊಳಗಿನ ಅಚ್ಚು ಗಟ್ಟಿಯಾಯಿತೋ ಇಲ್ಲವೋ ಅಂತ ಉಗುರಿನಲ್ಲಿ ಒತ್ತಿ ನೋಡುವುದಕ್ಕೆ ಇಟ್ಟುಕೊಂಡಿದ್ದು ಅಂತ ಬಿಡಿಸಿ ಹೇಳುವವರ ಪೈಕಿ ಅವರಲ್ಲ.

ಅವರು ನಮ್ಮ ಬಡಾವಣೆಯ ಹಲ್ಲಿನ ಡಾಕ್ಟರು. ಧಾರವಾಡದ ಕಡೆಯಿಂದ ಬಂದು ಸಹಕಾರನಗರಕ್ಕೆ ಹೋಗುವ ರಸ್ತೆಯಲ್ಲಿ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಕ್ಲಿನಿಕ್ ಇಟ್ಟಿದ್ದರು. ಕೆಳಗೆ ಕೊಬ್ಬರಿ ಬಿಸ್ಕತ್ತು, ಮೇಲೆ ಅದರ ಪರಿಹಾರ. ಬೆಂಗಳೂರಿಗೆ ಬಂದು ಕೂದಲು ನೆರೆತರೂ ಅವರ ಮಾತು ಒಂದಕ್ಷರ ಬೆಂಗಳೂರಾಗಿರಲಿಲ್ಲ. ಆಡುತ್ತಿದ್ದುದೇ ಕಡಿಮೆ, ಬದಲಾಗುವುದಕ್ಕೆ ಅವಕಾಶವೆಲ್ಲಿ?

ಇನ್ನೊಂದು ಅಭ್ಯಾಸವಿತ್ತು. ನಮ್ಮ ಬಾಯಿ ತೆರೆಸಿ ಕೆಲಸ ಮಾಡುವಾಗ ಅವರ ಬಾಯೂ ತಾನಾಗಿ ತೆರೆದುಕೊಳ್ಳುತ್ತಿತ್ತು. ಮಗುವಿಗೆ ತುತ್ತು ಕೊಡುವ ತಾಯಿ ತಾನೂ ಬಾಯಿ ಕಳೆಯುತ್ತಾಳಲ್ಲ, ಹಾಗೆ. ಕುರ್ಚಿಯಲ್ಲಿ ಮಲಗಿದವನಿಗೆ ನೋಡಲು ಬೇರೇನೂ ಇರುತ್ತಿರಲಿಲ್ಲವಾದ್ದರಿಂದ ನಾವೆಲ್ಲ ಅವರ ಬಾಯನ್ನೇ ನೋಡುತ್ತಿದ್ದೆವು. ಅಲ್ಲಿ ಮೇಲಿನ ದವಡೆ ಹಲ್ಲೊಂದು ಅರ್ಧ ಮುರಿದಿತ್ತು. "ಡಾಕ್ಟ್ರೇ, ನಿಮ್ದೇ ಒಂದು ರಿಪೇರಿಗೆ ಬಂದಿದೆಯಲ್ಲ" ಅಂದರೆ, "ಯಾರ ಕೈಯಾಗ ಬಾಯಿ ಕೊಡ್ಲಿ?" ಅನ್ನುತ್ತಿದ್ದರು. ಅದು ಜಂಬದ ಮಾತಲ್ಲ, ನಿಜವಾದ ಚಿಂತೆ.

ನಾನು ಅವರಿಗೆ ತೀರಾ ವಿರುದ್ಧವಾದ ಜಾತಿಯವನು. ಮಾತಿನಿಂದಲೇ ಬದುಕುವವನು. ರಿಸೆಪ್ಷನ್ನು, ಗಣೇಶ, ಶಾಲೆಯ ವಾರ್ಷಿಕೋತ್ಸವ, ರಾಜ್ಯೋತ್ಸವ, ಎಲ್ಲಿ ವೇದಿಕೆ ಇದೆಯೋ ಅಲ್ಲಿ ನಿರೂಪಣೆ ನನ್ನದು. ಹೆಬ್ಬಾಳದಿಂದ ಯಲಹಂಕದವರೆಗೆ ನನ್ನ ಹೆಸರು ಯಾರಿಗೂ ಬೇಡ, ಮೈಕಣ್ಣ ಅಂದರೆ ಸಾಕು. ಈ ವಿದ್ಯೆಯನ್ನು ನಾನು ಯಾವ ಕಾಲೇಜಿನಲ್ಲೂ ಕಲಿತಿಲ್ಲ. ನಮ್ಮಜ್ಜಿ ಅವರೆಕಾಯಿ ಸುಲಿಯುತ್ತಾ ಆಡುತ್ತಿದ್ದ ಮಾತು, ಅಶ್ವತ್ಥಕಟ್ಟೆಯ ಮೇಲೆ ಹಿರಿಯರು ಒಬ್ಬರನ್ನೊಬ್ಬರು ಕಿಚಾಯಿಸುತ್ತಿದ್ದ ಮಾತು, ಅಷ್ಟೇ ನನ್ನ ಬಂಡವಾಳ. ಕಟ್ಟೆಯ ಸುತ್ತ ಈಗ ಕಾರು ನಿಲ್ಲಿಸುತ್ತಾರೆ. ಮಾತು ನನ್ನ ಹತ್ತಿರ ಉಳಿದಿದೆ.

ಆ ಮಾತಿಗೇ ಒಂದು ಸಲ ಕುತ್ತು ಬಂತು. ನಮ್ಮ ಕಡೆ ಗಣೇಶ ಭಾದ್ರಪದದಲ್ಲಿ ಬಂದರೂ ರಾಜ್ಯೋತ್ಸವದ ಹೊತ್ತಿನವರೆಗೆ ಯಾವುದಾದರೊಂದು ಬೀದಿಯಲ್ಲಿ ಕೂತೇ ಇರುತ್ತಾನೆ. ಅಂಥ ಒಂದು ಪೆಂಡಾಲಿನಲ್ಲಿ ಮಕ್ಕಳ ಡ್ಯಾನ್ಸ್ ಮುಗಿಸಿ ನಾನು ಎರಡು ಮಾತು ಆಡುತ್ತಿದ್ದಾಗ, ಮೊಮ್ಮಗಳ ಕುಣಿತ ನೋಡಿ ಉಬ್ಬಿಹೋದ ಒಬ್ಬ ತಾತ ವೇದಿಕೆ ಹತ್ತಿ, "ಒಂದೇ ಒಂದು ಮಾತು ಯೋಳ್ಬಿಡ್ತೀನಿ ಕೊಡಪ್ಪಾ" ಅಂತ ಮೈಕಿಗೆ ಕೈ ಹಾಕಿದರು. ನಾನು ಬಿಡಲಿಲ್ಲ, ಅವರೂ ಬಿಡಲಿಲ್ಲ. ಕೊನೆಗೆ ನಾನು ಬಿಟ್ಟೆ, ಆದರೆ ಅವರು ಎಳೆಯುವ ಬದಲು ಆ ಕ್ಷಣದಲ್ಲಿ ತಳ್ಳುತ್ತಿದ್ದರು. ಮೈಕು ಬಂದು ಮೇಲಿನ ಮುಂದಿನ ಹಲ್ಲಿಗೆ ಬಡಿಯಿತು. ಸ್ಪೀಕರಿನಲ್ಲಿ 'ಟಕ್' ಅಂತ ಕೇಳಿಸಿದ್ದು ನನ್ನ ಹಲ್ಲು ಅಂತ ಜನರಿಗೆ ಗೊತ್ತಾಗಲಿಲ್ಲ. ಯಾರೋ ಚಪ್ಪಾಳೆ ಕೂಡ ಹೊಡೆದರು.

ಅರ್ಧ ಹಲ್ಲು ಹೋಯಿತು. ಅದರ ಜೊತೆಗೆ 'ಸ' ಹೋಯಿತು, 'ಶ' ಹೋಯಿತು, 'ಷ' ಹೋಯಿತು. ಸಭಾಧ್ಯಕ್ಷರೇ ಅಂದರೆ ಎರಡು ಸೀಟಿ. ಸಮಸ್ತ ಸಹೃದಯ ಸಭಿಕರೇ ಅಂದರೆ ರೈಲು ಹೊರಟ ಹಾಗೆ. ಮನೆಯಲ್ಲಿ ಬೇಳೆ ಸೀದುಹೋಯಿತು. ಹೆಂಡತಿ, "ಕುಕ್ಕರ್ ಕೂಗ್ತಾನೇ ಇತ್ತು. ನೀವು ಫೋನಲ್ಲಿ ಮಾತಾಡ್ತಿದ್ದೀರ ಅಂದ್ಕೊಂಡೆ" ಅಂದಳು.

ನಗಬಹುದು, ನಗಿ. ಆದರೆ ನವೆಂಬರ್ ನನ್ನ ಸುಗ್ಗಿ. ಇಡೀ ವರ್ಷದ ಅನ್ನ ಆ ತಿಂಗಳ ವೇದಿಕೆಗಳಲ್ಲಿ ಬೇಯುತ್ತದೆ. ಮೊದಲ ದಿನ ನಮ್ಮ ಬಡಾವಣೆಯ ಸಂಘದ ಕಾರ್ಯಕ್ರಮ, ಅಲ್ಲಿ ಚೆನ್ನಾಗಿ ಮಾತಾಡಿದರೆ ಉಳಿದ ಕಡೆಯವರು ಕರೆಯುತ್ತಾರೆ. ಆಗಲೇ ಯಲಹಂಕದಲ್ಲಿ ಒಬ್ಬ ಹೊಸ ಹುಡುಗ 'ಹಾಯ್ ಗೈಸ್' ಅಂತ ಶುರುಮಾಡಿ ಸಭೆಗಳನ್ನು ಹಿಡಿಯುತ್ತಿದ್ದ. ಅವನ ಹಲ್ಲುಗಳು ಎಲ್ಲವೂ ಇದ್ದವು.

ಡಾಕ್ಟರ ಕುರ್ಚಿಯಲ್ಲಿ ಕೂತು ನಾನು ನಡೆದದ್ದನ್ನೆಲ್ಲ ಹೇಳಿದೆ. ಪೆಂಡಾಲು, ತಾತ, ಮೊಮ್ಮಗಳು, ಬೇಳೆ, ಯಲಹಂಕದ ಹುಡುಗ. ಅವರು ಕನ್ನಡಿ ಕಡ್ಡಿ ಹಿಡಿದುಕೊಂಡು ಪೂರ್ತಿ ಕೇಳಿದರು.

"ಮುಗೀತೇನ್ರಿ?"

"ಮುಗೀತು ಡಾಕ್ಟ್ರೇ."

"ಬಾಯಿ ಭಾಳ ಹೊತ್ತಿಂದ ತಗದ ಅದ, ಖರೆ. ಈಗ ಮಾತು ಬಿಟ್ಟು ಬರೇ ಬಾಯಿ ತಗೀರಿ."

ಅವತ್ತಿನಿಂದ ಅವರು ನನ್ನನ್ನು ಕರೆದದ್ದು 'ಭಾಷಣದವರ' ಅಂತಲೇ.

ಹಲ್ಲಿನ ಬೇರಿನ ಚಿಕಿತ್ಸೆಯೆಲ್ಲ ಮುಗಿಸಿ, ಉಳಿದ ಅರ್ಧವನ್ನು ತೇದು ಚಿಕ್ಕ ಗೂಟದ ಹಾಗೆ ಮಾಡಿದರು. ಅದರ ಮೇಲೆ ಕ್ಯಾಪ್ ಕೂರಿಸಬೇಕು. ಕ್ಯಾಪ್ ಅನ್ನದೆ ಅವರು ಟೋಪಿ ಅನ್ನುತ್ತಿದ್ದರು. "ಟೋಪಿ ಹೊಲಿಯಾವ ಯಶವಂತಪುರದಾಗ ಅದಾನ್ರಿ. ನಿಮ್ಮ ತಲಿ ಅವ ನೋಡಿಲ್ಲ, ನೋಡೂದೂ ಇಲ್ಲ. ನಾ ಇಲ್ಲಿಂದ ಕಳಿಸಿದ ಅಚ್ಚು ಏನದ, ಅದ ಅವನಿಗೆ ನಿಮ್ಮ ತಲಿ. ಅದು ಡೊಂಕಾದ್ರ ಟೋಪಿ ಡೊಂಕು."

ಅಚ್ಚು ತೆಗೆಯುವ ಮೊದಲು ಅವರು ಕೈಗವಸು ಬಿಚ್ಚಿ ಬುಟ್ಟಿಗೆ ಹಾಕಿ, ಮಡಿಗೆ ಕೂರುವವರ ಹಾಗೆ ಮೊಣಕೈಯವರೆಗೆ ಸೋಪು ಹಚ್ಚಿ ತೊಳೆದುಕೊಂಡರು. ಎರಡು ಡಬ್ಬಿಯಿಂದ ಒಂದೊಂದು ಚಮಚ ಹಿಟ್ಟು ತೆಗೆದು, ಒಂದು ಬಿಳಿ, ಒಂದು ನೀಲಿ, ಬರಿಗೈಯಲ್ಲೇ ನಾದತೊಡಗಿದರು. ನನಗೆ ಗಾಬರಿ. ಎಲ್ಲ ಕಡೆ ಕೈಗವಸು ಹಾಕಿಕೊಂಡು ಮಾಡುತ್ತಾರೆ, ಇವರು ಬಿಚ್ಚಿ ಮಾಡುತ್ತಾರೆ.

"ಗ್ಲೌಸು, ಡಾಕ್ಟ್ರೇ?"

"ಆ ರಬ್ಬರಿಗೂ ಈ ರಬ್ಬರಿಗೂ ಅಣ್ಣತಮ್ಮರ ಹೊಟ್ಟಿಕಿಚ್ಚು. ಅದು ಮುಟ್ಟಿದ್ರ ಇದು ಗಟ್ಟಿನ ಆಗಂಗಿಲ್ಲ."

ಪಕ್ಕದಲ್ಲಿ ನಿಂತಿದ್ದ ಅವರ ಮಗಳು, ಆಗಿನ್ನೂ ಹಲ್ಲಿನ ಡಾಕ್ಟರಿಕೆ ಓದುತ್ತಿದ್ದವಳು, "ಮನೇಲಿ ಮಾತ್ರ ಹಿಟ್ಟು ನಾದು ಅಂದ್ರೆ ಕೈ ನೋವು ಇವ್ರಿಗೆ" ಅಂದಳು. ಡಾಕ್ಟರು ಕೇಳಿಸಿಕೊಳ್ಳಲಿಲ್ಲ. ಹಿಟ್ಟಿನಿಂದ ಒಂದು ಚೂರು ಕಿತ್ತು ಎಡಗೈ ಹಿಂದೆ ಅಂಟಿಸಿಕೊಂಡು, ಉಳಿದದ್ದನ್ನು ದವಡೆಯ ಆಕಾರದ ಟ್ರೇಗೆ ತುಂಬಿ, ಗೂಟದ ಸುತ್ತ ಇನ್ನೊಂದು ತೆಳ್ಳನೆಯ ಹಸಿರು ರಬ್ಬರು ಹಿಂಡಿ, ಟ್ರೇಯನ್ನು ನನ್ನ ಬಾಯಿಗೆ ಒತ್ತಿ ಹಿಡಿದರು.

"ನಾಕೈದು ನಿಮಿಷ. ಅಲುಗಬ್ಯಾಡ್ರಿ."

ಅಷ್ಟು ಹೊತ್ತಿಗೆ ನನ್ನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ನವೆಂಬರ್ ಹತ್ತಿರ ಬರುವಾಗ ಫೋನು ಬಂದರೆ ತೆಗೆಯದೆ ಇರುವುದು ನನ್ನ ರಕ್ತದಲ್ಲಿಲ್ಲ. ಬಾಯಿ ಅವರ ಕೈಯಲ್ಲಿತ್ತು, ಕೈ ನನ್ನದೇ ಆಗಿತ್ತಲ್ಲ. ತೆಗೆದು ಕಿವಿಗಿಟ್ಟೆ. ಆ ಕಡೆಯವರು ದಿನ ಹೇಳಿದರು, "ಹ್ಞೂಂ" ಅಂದೆ. ಜಾಗ ಹೇಳಿದರು, "ಹ್ಞೂಂ" ಅಂದೆ. ಇಟ್ಟೆ. ಡಾಕ್ಟರು ಎಡಗೈ ತಿರುಗಿಸಿದರು. ಉಂಡೆಗೆ ಉಗುರು ಒತ್ತಿದರು, ಗುರುತು ನಿಲ್ಲದೆ ವಾಪಸು ಎದ್ದಿತು. ಟ್ರೇ ತೆಗೆದು ಕಿಟಕಿಯ ಹತ್ತಿರ ಹೋಗಿ, ಕನ್ನಡಕ ಹಣೆಗೇರಿಸಿ, ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ಬರ್ರಿ ಇಲ್ಲಿ. ಇದು ನಿಮ್ಮ ಹಲ್ಲಿನ ಅಂಚು. ಇಲ್ಲಿ ಜಗ್ಗಿದಂಗ ಆಗ್ಯದಲ್ಲ, ಇದು ಮೊದಲನೇ ಹ್ಞೂಂ. ಇಲ್ಲಿ ಸೀಳಿದಂಗ ಅದ, ಇದು ಎರಡನೇದು. ಎರಡನೇದು ಜೋರಿತ್ತು. ಎಲ್ಲಿ ಅದ್ರೀ ಪ್ರೋಗ್ರಾಮು?"

"ಕೊಡಿಗೇಹಳ್ಳಿ. ರಿಸೆಪ್ಷನ್ನು."

"ಒಪ್ಪಿಕೊಂಡ್ರಿ ಅನ್ನೂದು ಇದರಾಗ ಬಂದದ. ಹಲ್ಲು ಮಾತ್ರ ಬಂದಿಲ್ಲ." ಅದನ್ನು ಬುಟ್ಟಿಗೆ ಹಾಕಿ ಮತ್ತೆ ಕೈ ತೊಳೆಯಲು ಹೋದರು.

ಎರಡನೇ ಸಲ ಫೋನು ಮಗಳ ಕೈಗೆ ಹೋಯಿತು. ನಾನು ಮುನಿಯ ಹಾಗೆ ಕಣ್ಣು ಮುಚ್ಚಿ ಕೂತೆ. ಅಚ್ಚು ತೆಗೆದರು, ನೋಡಿದರು, ಒಂದು ಸಲ 'ಹ್ಞಾ' ಅಂತ ರಾಗ ಎಳೆದರು, ಕಳಿಸಿದರು. ಕೆಳಗಿನ ಸಾಲಿನ ಅಚ್ಚನ್ನು ಗುಲಾಬಿ ಬಣ್ಣದ ಪುಡಿ ಕಲಸಿ ಬೇರೆ ತೆಗೆದರು. ಅದನ್ನು ಮಾತ್ರ ಆಗಿಂದಾಗಲೇ ಒಳಗೆ ತಗೊಂಡು ಹೋಗಿ ತಾವೇ ಪ್ಲಾಸ್ಟರ್ ಹುಯ್ದರು. ಅವಸರ ಯಾಕೆ ಅಂತ ಕೇಳಿದ್ದಕ್ಕೆ ಅವರು ಹೇಳಿದ ಮಾತನ್ನು ನಾನು ಆಮೇಲೆ ಎಷ್ಟೋ ವೇದಿಕೆಗಳಲ್ಲಿ ನನ್ನದೇ ಅನ್ನುವ ಹಾಗೆ ಬಳಸಿದ್ದೇನೆ. "ನೀಲಿ ರಬ್ಬರು ತಡೀತದ್ರಿ. ಇದು ನೀರಿನ ಜೀವ, ಒಣಗಿದಂಗ ಕುಗ್ಗತದ. ಹೆಬ್ಬಾಳದ ಫ್ಲೈಓವರ್ ಮ್ಯಾಲೆ ಟ್ರಾಫಿಕ್ಕಿನ್ಯಾಗ ನಿಂತ್ರ ಮುಗೀತು. ಇಲ್ಲಿಂದ ಹೊಂಟಾಗ ನಿಮ್ಮ ಹಲ್ಲು, ಯಶವಂತಪುರ ಮುಟ್ಟೂದ್ರಾಗ ಕೂಸಿನ ಹಲ್ಲು."

ಕ್ಯಾಪ್ ಬಂದದ್ದು ಸಂಘದ ಕಾರ್ಯಕ್ರಮದ ಹಿಂದಿನ ದಿನ. ಡಾಕ್ಟರು ಅದನ್ನು ಕೂರಿಸಿದರು, ತೆಗೆದರು, ಕೂರಿಸಿದರು. ಸೂಜಿಯಂಥದ್ದರಲ್ಲಿ ಸುತ್ತ ಸವರಿದರು. ನಾನು ಕನ್ನಡಿ ನೋಡಿಕೊಂಡೆ. ಮದುಮಗನಂತೆ ಕಾಣುತ್ತಿದ್ದೆ.

"ಸೂಪರ್ ಡಾಕ್ಟ್ರೇ. ಅಂಟಿಸ್ಬಿಡಿ."

"ಕೂತಿಲ್ಲ."

"ಕೂತಿದೆಯಲ್ಲ."

"ಕೂತಂಗ ಕಾಣ್ತದ. ಉಗುರು ಇಡ್ರಿ ಇಲ್ಲಿ." ನನ್ನ ಬೆರಳು ಹಿಡಿದು ಒಸಡಿನ ಅಂಚಿಗೆ ಇಡಿಸಿದರು. ಉಗುರಿಗೆ ಒಂದು ಸಣ್ಣ ಮೆಟ್ಟಿಲು ಸಿಕ್ಕಿತು.

"ಇದಾ? ಕೂದಲೆಳೆಯಷ್ಟಿಲ್ಲ ಡಾಕ್ಟ್ರೇ. ನಮ್ಮ ಏರಿಯಾದಲ್ಲಿ ಮನೆಗಳನ್ನೇ ಒಂದೊಂದಡಿ ಪಕ್ಕದ ಸೈಟಿಗೆ ಸೇರಿಸಿ ಕಟ್ಟವ್ರೆ."

"ಮನಿಗೆ ಒಸಡಿಲ್ರಿ. ಈ ಸಂದಿನ್ಯಾಗ ತಿಂದದ್ದು ಹೋಗಿ ಕೂಡ್ತದ. ಎರಡು ವರ್ಷಕ್ಕ ಒಳಗಿನ ಗೂಟ ಕೊಳೀತದ. ಆಮ್ಯಾಲೆ ಟೋಪಿ ಇರ್ತದ, ತಲಿ ಇರೂದಿಲ್ಲ." ಸ್ವಲ್ಪ ತಡೆದು ಕೇಳಿದರು: "ಖರೆ ಹೇಳ್ರಿ ಭಾಷಣದವರ. ಎರಡನೇ ಸಲ ಏನು ಮಾಡಿದ್ರಿ?"

"ಏನೂ ಇಲ್ಲ. ಕಣ್ಣು ಮುಚ್ಚಿ ಕೂತಿದ್ದೆ. ಸುಮ್ನೆ ಮನಸ್ಸಲ್ಲಿ ಸ್ವಾಗತ ಭಾಷಣ ಒಂದ್ಸಲ ನೋಡ್ಕೊಂಡೆ."

"ಮನಸ್ಸಿನ್ಯಾಗ?"

"ನಾಲಿಗೆ ಸ್ವಲ್ಪ ಆಡಿರಬಹುದು."

ಅವರು ಸ್ಟೂಲಿನ ಮೇಲೆ ಕೂತುಬಿಟ್ಟರು. ಮಗಳು ಗೋಡೆ ಕಡೆ ತಿರುಗಿ ನಿಂತಳು, ಭುಜ ಅಲುಗುತ್ತಿತ್ತು. ನಾನು ಬಾಯಿ ಮುಚ್ಚಿಕೊಂಡು ಕೂತಿದ್ದಾಗ ಒಳಗೆ ನನ್ನ ನಾಲಿಗೆ ಗಣ್ಯರನ್ನೆಲ್ಲ ವೇದಿಕೆಗೆ ಕರೆದು ಹಾರ ಹಾಕಿಸುತ್ತಿತ್ತು.

"ಅದಕ್ಕ ಟ್ರೇ ನಡಗತಿತ್ತು" ಅಂದರು ಡಾಕ್ಟರು. "ಬೆರಳಿಗೆ ಗೊತ್ತಾಗಿತ್ರಿ. ಅನುಮಾನ ಬಂದ್ರೂ ಕಳಿಸಿಬಿಟ್ಟೆ. ತಪ್ಪು ನಂದು. ಮತ್ತ ತಗೀತೀನಿ."

ನಾನು ಬೇಡಿಕೊಂಡೆ. ಇವತ್ತು ಅಂಟಿಸಿ, ನವೆಂಬರ್ ಮುಗಿದ ಮೇಲೆ ಕಿತ್ತು ಬೇರೆ ಹಾಕಿ ಅಂದೆ. ಯಲಹಂಕದ ಹುಡುಗನ ಹೆಸರು ಹೇಳಿ ಕಣ್ಣಲ್ಲಿ ನೀರು ಕೂಡ ತಂದುಕೊಂಡೆ. ಅವರು ಒಪ್ಪಲಿಲ್ಲ. ಒಂದು ತಾತ್ಕಾಲಿಕ ಹಲ್ಲನ್ನು ತೆಳುವಾದ ಅಂಟು ಹಾಕಿ ಕೂರಿಸಿ, "ಇದು ಜೋರ್ ಮಾತು ತಡಿಯಂಗಿಲ್ರಿ. ಮೈಕ್ ಅದಲ್ಲ, ಮೆಲ್ಲಕ ಮಾತಾಡ್ರಿ" ಅಂದರು. ಮೆಟ್ಟಿಲಿಳಿಯುತ್ತಾ ಅವರಿಗೆ ಹಿಡಿ ಶಾಪ ಹಾಕಿದೆ. ಹೊಟ್ಟೆಪಾಡು ಗೊತ್ತಿಲ್ಲದ ಮನುಷ್ಯ, ಕೂದಲೆಳೆ ಹಿಡಿದು ಜಗ್ಗುತ್ತಾನೆ.

ಮಾರನೇ ಸಂಜೆ ಅಮೃತಹಳ್ಳಿಯಲ್ಲಿ ನಮ್ಮ ಸಂಘದ ವೇದಿಕೆ. ಮುಖ್ಯ ಅತಿಥಿಗಳು ಹೆಬ್ಬಾಳದಲ್ಲಿ ದನಗಳ ಡಾಕ್ಟರಾಗಿ ನಿವೃತ್ತರಾದ ಹಿರಿಯರು. ಅವರ ಮುಂದಿನ ಟೇಬಲ್ಲಿನ ಮೇಲೆ ಅವರಿಗೇ ಕೊಡಬೇಕಾದ ಹಣ್ಣಿನ ಬುಟ್ಟಿ, ಅದಕ್ಕೆ ಸುತ್ತಿದ ಹೊಳೆಯುವ ಕಾಗದ ಮೊದಲೇ ಹರಿದಿತ್ತು. ನಾನು ಮೆಲ್ಲಗೆ ಶುರುಮಾಡಿದೆ. ಆದರೆ ಕನ್ನಡ ಧ್ವಜ, ಡೊಳ್ಳು, ಎದುರಿಗೆ ಅಷ್ಟು ಜನ. ಅವರನ್ನು ನೋಡಿ ಯಾವ ಮೈಕಿನವನು ಮೆಲ್ಲಗಿರುತ್ತಾನೆ? "ಸುಸ್ವಾಗತ" ಅಂತ ಎದೆ ತುಂಬಿ ಅಂದೆ. ಎರಡನೇ 'ಸ'ಕ್ಕೆ ಹಲ್ಲು ಹೊರಟಿತು. ನನ್ನ ಕಣ್ಣೆದುರೇ ಹಾರಿ ದ್ರಾಕ್ಷಿ ಗೊಂಚಲಿನೊಳಗೆ ಇಳಿಯಿತು. ಮೈಕಿನಲ್ಲಿ ಉದ್ದಕ್ಕೆ ಒಂದು ಸೀಟಿ. ಸೌಂಡಿನವನು ಓಡಿಬಂದು ವೈರು ಅಲ್ಲಾಡಿಸಿದ.

ಆಗ ನನ್ನನ್ನು ಕಾಪಾಡಿದ್ದು ನಮ್ಮಜ್ಜಿ. ಅವಳ ಮಾತಿನಲ್ಲಿ ಈ ಸಭಾಧ್ಯಕ್ಷರು, ಸನ್ಮಾನ್ಯರು ಯಾರೂ ಇರಲಿಲ್ಲ. ಸೀಟಿ ಹೊಡೆಯುವ ಅಕ್ಷರಗಳನ್ನೆಲ್ಲ ಬಿಟ್ಟು ಮಾತಾಡತೊಡಗಿದೆ. ಸ್ವಾಗತ ಕೋರುವ ಬದಲು "ಕೈ ಮುಗಿದು ಬರಮಾಡಿಕೊಳ್ಳುತ್ತೇನೆ" ಅಂದೆ. ರಾಜ್ಯೋತ್ಸವ 'ನಾಡಹಬ್ಬ'ವಾಯಿತು. ಅಧ್ಯಕ್ಷರು "ದೊಡ್ಡ ಕುರ್ಚಿಯಲ್ಲಿ ಕೂತಿರುವ ನಮ್ಮ ಹಿರಿಯರು" ಆದರು. ಶಾಲು 'ಅಕ್ಕರೆಯ ಹೊದಿಕೆ'ಯಾಯಿತು. ಪ್ರತಿ ವಾಕ್ಯಕ್ಕೂ ಮುಂಚೆ ಒಂದು ಕ್ಷಣ ನಿಂತು, ಮುಂದೆ ಹೊಂಡವಿದೆಯೇ ಅಂತ ನೋಡಿ ಕಾಲಿಡುವವನ ಹಾಗೆ ಮಾತಾಡಿದೆ. ಜನ ಕಿವಿಗೊಟ್ಟು ಕೂತರು. ಹಣ್ಣಿನ ಬುಟ್ಟಿಯನ್ನು, ಒಳಗಿದ್ದ ಹಲ್ಲಿನ ಸಮೇತ, ನನ್ನ ಕೈಯಾರೆ ಅತಿಥಿಗಳಿಗೆ ಎತ್ತಿ ಕೊಟ್ಟೆ.

ಕಾರ್ಯಕ್ರಮ ಮುಗಿದ ಮೇಲೆ ದೊಡ್ಡ ಕುರ್ಚಿಯ ಹಿರಿಯರು, ನಮ್ಮ ಹಳೇ ಊರಿನವರೇ, ಬೆನ್ನು ತಟ್ಟಿದರು. "ಏನ್ಲಾ ಮೈಕಣ್ಣ, ಮೊದ್ಲೇ ಯೋಳ್ಬಾರ್ದಾ? ಇಂಗೆ ಅಚ್ಚಗನ್ನಡದಲ್ಲಿ ಒಡೀತೀಯ ಅಂತ ಗೊತ್ತಿದ್ರೆ ಟೀವಿಯೋರ್ನೇ ಕರೆಸ್ತಿದ್ದೆ. ನಮ್ಮವ್ವ ಮಾತಾಡ್ದಂಗಿತ್ತು ಕಣೋ." ನಾನು ತುಟಿ ಬಿಗಿಹಿಡಿದು ವಿನಯದಿಂದ ತಲೆಬಾಗಿದೆ. ಜನ ಅದನ್ನೂ ಮೆಚ್ಚಿದರು.

ಮಾರನೇ ಬೆಳಗ್ಗೆ ಮುಖ್ಯ ಅತಿಥಿಗಳ ಫೋನು. "ನೀವು ಕೊಟ್ಟ ದ್ರಾಕ್ಷೀಲಿ ಒಂದು ಹಲ್ಲು ಸಿಕ್ಕಿದೆ. ದನದ್ದಲ್ಲ, ಎಮ್ಮೇದಲ್ಲ, ಅಷ್ಟು ಮಾತ್ರ ನಾನು ಖಂಡಿತ ಹೇಳಬಲ್ಲೆ. ನಿಮ್ಮ ಕಮಿಟೀಲಿ ಯಾರದಾದ್ರೂ ಕಳ್ದಿದ್ಯಾ?"

ಹಲ್ಲನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ನೇರವಾಗಿ ಕ್ಲಿನಿಕ್ಕಿಗೆ ಹೋದೆ. ಒಂದು ಸಂಜೆ ಹೇಗೋ ಕಳೆಯಿತು, ಇಡೀ ತಿಂಗಳು 'ಸ' ಇಲ್ಲದೆ ಬದುಕುವುದಕ್ಕಾಗುತ್ತದೆಯೇ? ಮುಂದಿನ ವಾರ ಸೋಲದೇವನಹಳ್ಳಿಯ ಕಾಲೇಜಿನವರು ಕರೆದಿದ್ದರು. ಆ ಊರಿನ ಹೆಸರನ್ನೇ ನಾನು ಹೇಳುವ ಹಾಗಿರಲಿಲ್ಲ.

ಡಾಕ್ಟರು ಎಲ್ಲ ಕೇಳಿ, "ಹಣ್ಣಿನ ಜೋಡಿ ಹಲ್ಲೂ ಕೊಟ್ಟು ಬಂದ್ರಿ. ಭಾಳ ಧಾರಾಳ ಸಂಘ" ಅಂದರು. ಆಮೇಲೆ ಕೈ ತೊಳೆದುಕೊಳ್ಳುತ್ತಾ ಏನೋ ಯೋಚಿಸಿದರು. ಟ್ರೇ ನನ್ನ ಬಾಯಿಗೆ ಹೋದ ಮೇಲೆ, ಆ ಮಿತಭಾಷಿ, ನಾನು ಕಂಡಂತೆ ಮೊದಲ ಸಲ, ಉದ್ದಕ್ಕೆ ಮಾತಾಡತೊಡಗಿದರು.

"ನೀವು ಕೇಳ್ರಿ, ನಾ ಹೇಳ್ತೀನಿ. ಕೇಳೂ ಮುಂದ ನಾಲಿಗಿ ಸುಮ್ಮಿರ್ತದ. ನನಗ ಹೊಸದಾಗಿ ಮದಿವಿ ಆಗಿತ್ರಿ. ನಮ್ಮ ಮಾವಾರಿಗೆ ದವಡಿ ಹಲ್ಲಿಗೆ ಟೋಪಿ ಬೇಕಾಗಿತ್ತು. ಅಳಿಯ ಡಾಕ್ಟರ್ ಅದಾನ, ಬ್ಯಾರೆ ಕಡಿ ಯಾಕ ಹೋಗ್ಲಿ ಅಂತ ನನ್ನ ಕಡಿನ ಬಂದ್ರು. ನಾ ಅಚ್ಚು ತಗೊಂಡೆ. ಟೋಪಿ ಬಂತು. ಒಂದು ಕೂದಲೆಳಿ ಎತ್ತರ ಇತ್ತು. ಮಾವಾರ ಮುಂದ ಕೂತಿಲ್ಲ ಅಂತ ಹೆಂಗ ಹೇಳೂದು? ಅಂಟಿಸಿಬಿಟ್ಟೆ. ಆವತ್ತಿನಿಂದ ಅವರು ಆ ಕಡಿ ಅಗೀಲಿಲ್ಲ. ಸರಿ ಮಾಡ್ತೀನಿ ಬರ್ರಿ ಅಂದ್ರ, ಬ್ಯಾಡಪಾ, ಒಮ್ಮೆ ಮಾಡಿದ್ದು ಸಾಕು ಅಂತಿದ್ರು. ಯಾರ ಮದಿವ್ಯಾಗ ಊಟಕ್ಕ ಕೂತ್ರೂ ಪಂಕ್ತಿ ತುಂಬ ಹೇಳೂದು: ಈ ಕಡಿ ನಂದು, ಆ ಕಡಿ ಅಳಿಯಂದು. ನಾ ಈ ಕಡೀಲೇ ಉಣ್ತೀನಿ."

ನನ್ನ ಹೊಟ್ಟೆಯಲ್ಲಿ ನಗು ಎದ್ದು ಗಂಟಲಿಗೆ ಬಂತು. ಅವರ ಎರಡು ಬೆರಳು ಟ್ರೇಯ ಮೇಲೆ ಇದ್ದವು. ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. ನಗು ಅಲ್ಲೇ ನಿಂತಿತು.

"ಹದಿನೆಂಟು ಮದಿವ್ಯಾಗ ಕೇಳೀನ್ರಿ ನಾ ಈ ಮಾತು. ಆಮ್ಯಾಲೆ ಒಂದಿನ ಅವರು ತೀರಿಕೊಂಡ್ರು. ಆ ಹಲ್ಲು ಅವರ ಜೋಡಿ ಹೋತು. ಇನ್ನ ಅದನ್ನ ಸರಿ ಮಾಡಾಕ ಬರಂಗಿಲ್ಲ."

ಅಷ್ಟು ಹೇಳಿ ಅವರು ಕೈ ಹಿಂದಿನ ಉಂಡೆಗೆ ಉಗುರು ಒತ್ತಿದರು. ಗುರುತು ನಿಲ್ಲಲಿಲ್ಲ. ಟ್ರೇ ತೆಗೆದು ಕಿಟಕಿಗೆ ಹೋದರು. ನಾನು ಕುರ್ಚಿಯಿಂದ ಏಳದೆ ಕಾದೆ. ಅಷ್ಟು ಹೊತ್ತು ನನ್ನ ನಾಲಿಗೆ ಅಂಗುಳಕ್ಕೆ ತಾಗದೆ ಬಿದ್ದಿತ್ತು ಅನ್ನುವುದು ಆಗ ಗೊತ್ತಾಯಿತು.

"ಅಳತಿ ತಗೊಳ್ಳೂ ಹೊತ್ತಿಗೆ ಸುಮ್ಮಿರಬೇಕ್ರಿ" ಅಂದರು, ಅಚ್ಚಿನಿಂದ ಕಣ್ಣು ತೆಗೆಯದೆ. "ಆಮ್ಯಾಲೆ ಆಯುಷ್ಯ ಪೂರ್ತಿ ಮಾತಾಡ್ರಿ, ಯಾರು ಬ್ಯಾಡಂತಾರ."

ಆ ಕ್ಯಾಪ್ ಬಂದ ದಿನ ಅವರು ಕೂರಿಸಿ ಉಗುರು ಇಡಿಸಿದರು. ಮೆಟ್ಟಿಲು ಸಿಗಲಿಲ್ಲ. "ಈಗ 'ಸ' ಅನ್ರಿ" ಅಂದರು. ನಾನು "ಸೋಲದೇವನಹಳ್ಳಿ" ಅಂದೆ. ಸೀಟಿ ಬರಲಿಲ್ಲ. ಕೆಳಗೆ ಬೇಕರಿಯಲ್ಲಿ ಕೊಬ್ಬರಿ ಬಿಸ್ಕತ್ತು ಕೊಂಡು ಮೇಲೆ ತಂದು ಕೊಟ್ಟೆ. ಅವರು ಒಂದು ತಗೊಂಡು, ತಮ್ಮ ಮುರಿದ ಹಲ್ಲಿನ ಕಡೆ ಬಿಟ್ಟು ಇನ್ನೊಂದು ಕಡೆ ಇಟ್ಟುಕೊಂಡು ಅಗಿದರು.

ವರ್ಷಗಳು ಹೋದವು. ಮಗಳು ಓದು ಮುಗಿಸಿ ಅದೇ ಕ್ಲಿನಿಕ್ಕಿಗೆ ಬಂದಳು. ಬಾಯೊಳಗೆ ಒಂದು ಸಣ್ಣ ಕ್ಯಾಮೆರಾ ಆಡಿಸಿದರೆ ಹಲ್ಲಿನ ಅಚ್ಚು ಕಂಪ್ಯೂಟರಿನಲ್ಲಿ ಮೂಡುವ ಯಂತ್ರ ತಂದಳು. ಡಾಕ್ಟರಿಗೆ ಅದು ಬಹಳ ಇಷ್ಟವಾಯಿತು, ಎಲ್ಲರಿಗೂ ಅದರಲ್ಲೇ ಮಾಡಿಸುತ್ತಿದ್ದರು. ನನ್ನ ಇನ್ನೊಂದು ಹಲ್ಲಿಗೆ ಕ್ಯಾಪ್ ಬೇಕಾದಾಗ ಮಾತ್ರ ಹಳೇ ಡಬ್ಬಿಗಳನ್ನೇ ತೆಗೆಸಿದರು. "ಕ್ಯಾಮೆರಾ ಇಟ್ರ ನಡುನಡುವ ಮಾತಾಡಾಕ ಬರ್ತದ. ಭಾಷಣದವರಿಗೆ ಹಿಟ್ಟ ಛಲೋ. ನಾಕು ನಿಮಿಷ ನಮಗೂ ಆರಾಮ."

ಕೊನೆಗೂ ಅವರ ಮುರಿದ ದವಡೆ ಹಲ್ಲು ನೋಯತೊಡಗಿತು. ಯಾರ ಕೈಯಲ್ಲಿ ಬಾಯಿ ಕೊಡಲಿ ಅನ್ನುತ್ತಿದ್ದವರು ಮಗಳ ಕೈಯಲ್ಲಿ ಕೊಟ್ಟರು, ಆದರೆ ಕ್ಯಾಮೆರಾ ಬೇಡ, ಕೈಯಲ್ಲೇ ಹೇಗೆ ತೆಗೆಯುತ್ತೀಯ ನೋಡೋಣ ಅಂತ ಹಟ ಹಿಡಿದರು. ಒಂದು ಮಧ್ಯಾಹ್ನ ಮಗಳ ಫೋನು. "ಅಂಕಲ್, ಸ್ವಲ್ಪ ಬರ್ತೀರಾ? ಅಪ್ಪ ಸುಮ್ನೇ ಇರ್ತಿಲ್ಲ. ಟ್ರೇ ಬಾಯಲ್ಲಿ ಇಟ್ಕೊಂಡೇ, ಹಂಗೆ ಹಿಡಿ ಹಿಂಗೆ ಹಿಡಿ ಅಂತ ನಂಗೆ ಪಾಠ ಮಾಡ್ತಾರೆ. ಎರಡು ಅಚ್ಚು ಹಾಳಾಯ್ತು. ನೀವು ಬಂದು ಏನಾದ್ರೂ ಹೇಳ್ತಾ ಇರಿ."

ಹೋದೆ. ಅವರು ಕುರ್ಚಿಯಲ್ಲಿ ಮಲಗಿ ಕಣ್ಣಿನಲ್ಲೇ ಮಗಳನ್ನು ಗದರಿಸುತ್ತಿದ್ದರು. ನಾನು ಸ್ಟೂಲು ಎಳೆದುಕೊಂಡು ನಮ್ಮಜ್ಜಿಯ ಕಥೆ ಶುರುಮಾಡಿದೆ. ಅವಳು ಕಾಣೆಯಾದ ಕೋಳಿಯನ್ನು ಹುಡುಕುತ್ತಾ ಬೀದಿ ಬೀದಿಯ ಒಲೆಗಳನ್ನು ಮೂಸಿ ನೋಡಿದ್ದು, ಕೊನೆಗೆ ಅದು ಅವಳದೇ ಅಟ್ಟದ ಮೇಲೆ ಕಾವಿಗೆ ಕೂತಿದ್ದು. ಅವರ ಕಣ್ಣು ನನ್ನ ಮೇಲೆ ನಿಂತಿತು. ಮಗಳು ಟ್ರೇ ಒತ್ತಿ ಹಿಡಿದಳು. ನನ್ನ ಮಾತು ಒಂದು ಅಚ್ಚನ್ನು ಕೆಡಿಸದೆ ಉಳಿಸಿದ್ದು ಅದೊಂದೇ ಸಲ. ಮಗಳು ಟ್ರೇ ತೆಗೆದು ಕಿಟಕಿಗೆ ಹಿಡಿದಾಗ ಅವರು ಕೈ ಚಾಚಿ ಇಸಿದುಕೊಂಡು, ಭೂತಗನ್ನಡಿಯಲ್ಲಿ ನೋಡಿದರು. ನಾವಿಬ್ಬರೂ ಪರೀಕ್ಷೆ ಬರೆದವರ ಹಾಗೆ ನಿಂತಿದ್ದೆವು.

"ಇದರಾಗ ಯಾರೂ ಮಾತಾಡಿಲ್ಲ" ಅಂದರು.

ಅವರ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಯಾರಿಗೂ ಸಿಕ್ಕಿರಲಾರದು. ಮಗಳು ಒಳಗೆ ಹೋಗಿ ಬಹಳ ಹೊತ್ತು ಕೈ ತೊಳೆದಳು.

ಆ ಹಲ್ಲಿನಲ್ಲಿ ಅವರು ಎರಡು ಕಡೆಯಲ್ಲೂ ಅಗಿದು ಉಂಡದ್ದು ಒಂದೇ ವರ್ಷ. ಹೋದ ಮಳೆಗಾಲದಲ್ಲಿ ಒಂದು ಬೆಳಗ್ಗೆ ಎದ್ದೇಳಲಿಲ್ಲ.

ಶ್ರದ್ಧಾಂಜಲಿ ಸಭೆಯ ನಿರೂಪಣೆ ನನ್ನದೇ ಅಂತ ಎಲ್ಲರೂ ಅಂದುಕೊಂಡಿದ್ದರು. ಸಮುದಾಯ ಭವನ ತುಂಬಿತ್ತು, ಬಹುಪಾಲು ಅವರು ಟೋಪಿ ತೊಡಿಸಿದ ಬಾಯಿಗಳೇ. ಹಾಲಿನ ಬೂತಿನ ಹೆಂಗಸೂ ಬಂದಿದ್ದಳು. ಮೇಜಿನ ಮೇಲೆ ಅವರ ಫೋಟೋ. ಫೋಟೋ ತೆಗೆಯುವವನು ಕೈ ಕತ್ತರಿಸಿಬಿಟ್ಟಿದ್ದ, ನೀಲಿ ಉಂಡೆ ಕಾಣುತ್ತಿರಲಿಲ್ಲ. ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸೋಣ ಅಂದೆ. ಇಂಥ ಸಭೆಗಳ ಒಂದು ನಿಮಿಷ ಎಷ್ಟು ಉದ್ದವಿರುತ್ತದೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಬ್ಬರು ಕೆಮ್ಮಿದ ಕೂಡಲೇ 'ಧನ್ಯವಾದ, ಕುಳಿತುಕೊಳ್ಳಿ' ಅಂದುಬಿಡುವವನೇ ನಾನು.

ಅವತ್ತು ಅನ್ನಲಿಲ್ಲ. ಯಾರೋ ಕೆಮ್ಮಿದರು. ಯಾರದೋ ಫೋನು ಬಡಿದುಕೊಂಡು ತಾನಾಗಿ ನಿಂತಿತು. ದೊಡ್ಡ ಕುರ್ಚಿಯ ಹಿರಿಯರು ಪಕ್ಕದಲ್ಲಿ ಗಡಿಯಾರ ನೋಡಿಕೊಂಡು, "ಮೈಕಣ್ಣ, ಆಯ್ತಲ್ಲ ಕಣಪ್ಪಾ" ಅಂತ ಪಿಸುಗುಟ್ಟಿದರು. ನಾನು ಅಲುಗಲಿಲ್ಲ. ಮುಂದಿನ ಸಾಲುಗಳಲ್ಲಿದ್ದವರಿಗೆ ಮೊದಲು ತಿಳಿಯಿತು. ಒಬ್ಬೊಬ್ಬರ ಮುಖವೂ ಕುರ್ಚಿಯಲ್ಲಿ ಮಲಗಿದವರ ಮುಖದ ಹಾಗೆ ನೆಟ್ಟಗಾಯಿತು, ಗಲ್ಲ ಸ್ವಲ್ಪ ಮೇಲೆ, ತುಟಿ ಬಿಗಿ. ಆಮೇಲೆ ಹಿಂದಿನವರೂ ಸುಮ್ಮನಾದರು. ಅಷ್ಟು ಜನ ಅಷ್ಟು ಹೊತ್ತು ಒಟ್ಟಿಗೆ ಸುಮ್ಮನಿದ್ದದ್ದನ್ನು ನಾನು ಎಲ್ಲೂ ಕಂಡಿಲ್ಲ. ನನ್ನ ನಾಲಿಗೆ, ಯಾವಾಗಲೂ ಮುಂದಿನ ವಾಕ್ಯವನ್ನು ಮಸೆಯುತ್ತಿರುವ ನಾಲಿಗೆ, ತೆಪ್ಪಗೆ ಮಲಗಿತ್ತು.

ಎಷ್ಟು ಹೊತ್ತಾಯಿತೋ ತಿಳಿಯದೆ ನಾನು ಅವರ ಮಗಳ ಕಡೆ ನೋಡಿದೆ. ಅವಳು ತಲೆ ತಗ್ಗಿಸಿ ನಿಂತಿದ್ದಳು. ಬಲಗೈ ಉಗುರನ್ನು ಎಡಗೈ ಹಿಂಬದಿಗೆ, ಹೆಬ್ಬೆರಳಿನ ಬುಡದ ಹತ್ತಿರ, ಅಲ್ಲಿ ಏನೂ ಇಲ್ಲದ ಕಡೆ, ಮೆಲ್ಲಗೆ ಒತ್ತಿದಳು. ತೆಗೆದು ನೋಡಿದಳು. ನನ್ನ ಕಡೆ ತಿರುಗಿ, ಆಯಿತು ಅನ್ನುವಂತೆ ತಲೆಯಾಡಿಸಿದಳು.

ನಾನು ಮೈಕು ಹತ್ತಿರ ತಂದು "ಸಭಿಕರೇ" ಅಂದೆ. ಸೀಟಿ ಬರಲಿಲ್ಲ.